ಅಗೆತದ ಕಾದಂಬರಿಯನ್ನು ಓದುವ ಬಗೆ

ಎಳೆಯ ಪುರಾತತ್ವಜ್ಞನ ಸಾಹಸ ಕಾದಂಬರಿಯಲ್ಲಿ ಎರಡು ಹುಡುಕಾಟಗಳಿರುತ್ತವೆ: ನೆಲದೊಳಗೆ ಏನಿದೆ, ಹುಡುಕುವವನು ಏನಾಗುತ್ತಾನೆ. ಮೊದಲನೆಯದರ ಬೆನ್ನು ಹತ್ತಿದವರಿಗೆ ಎರಡನೆಯದು ಕಣ್ತಪ್ಪಿ ಹೋಗುತ್ತದೆ.

ಮೊದಲ ಮೂರು ಅಧ್ಯಾಯಗಳನ್ನು ಒಂದೇ ಪಟ್ಟಿಗೆ ಕೂತು ಮುಗಿಸಿ. ಹೆಸರು, ಊರು, ಹಳೆಯ ಹಗೆ ಸಾಮಾನ್ಯವಾಗಿ ಬರುವುದು ಅಲ್ಲೇ. ದಿನಕ್ಕೆ ನಾಲ್ಕು ಪುಟದಂತೆ ಓದಿದರೆ ವಾರದಲ್ಲಿ ಯಾರು ಯಾರೆಂದೇ ಮರೆತಿರುತ್ತದೆ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ. ಎಡಕ್ಕೆ ಸಿಕ್ಕ ವಸ್ತು, ಜಾಗ, ಪದರ, ಪುಟಸಂಖ್ಯೆ. ಬಲಕ್ಕೆ, ಅದು ಸಿಕ್ಕಾಗ ನಾಯಕ ಮಾಡಿದ್ದೇನು. ಅವನಿಗೆ ಏನನ್ನಿಸಿತು ಎಂದು ಬರೆಯಬೇಡಿ, ಅದನ್ನು ಲೇಖಕರೇ ಹೇಳಿಬಿಟ್ಟಿರುತ್ತಾರೆ.

ಪದರವನ್ನೇಕೆ ಗುರುತಿಸಬೇಕು? ಕದಡದ ನೆಲದಲ್ಲಿ ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಯಾರೋ ಹಿಂದೆ ಗುಂಡಿ ತೋಡಿದ್ದರೆ, ಇಲಿ ಬಿಲ ಕೊರೆದಿದ್ದರೆ ಈ ಲೆಕ್ಕ ತಪ್ಪುತ್ತದೆ. ಕಥೆಯ ತಿರುವು ಅಲ್ಲೇ ಅಡಗಿರಬಹುದು. ಎಲ್ಲಿ ಸಿಕ್ಕಿತೆಂದು ಬರೆದಿಡದೆ ಕಿತ್ತ ಮಡಕೆಚೂರು ಅರ್ಧ ಮೂಕ. 1870ರ ದಶಕದಲ್ಲಿ, ಗ್ರೀಕ್ ಮಹಾಕಾವ್ಯದ ಯುದ್ಧ ನಡೆದ ಊರೆನ್ನುವ ಟ್ರಾಯ್‌ನಲ್ಲಿ, ಜರ್ಮನ್ ಅಗೆತಗಾರ ಹೈನ್‌ರಿಕ್ ಶ್ಲೀಮನ್ ಅವಸರದಲ್ಲಿ ಮೇಲಿನ ಪದರಗಳನ್ನು ಸೀಳಿಕೊಂಡು ಇಳಿದ. ಆ ಕಾವ್ಯದಲ್ಲಿ ಬರುವ ಟ್ರಾಯ್‌ನ ದೊರೆ ಪ್ರಿಯಮ್‌ನದೆಂದು ಅವನು ಸಾರಿದ ನಿಧಿ, ಆ ಯುದ್ಧ ನಡೆದಿರಬಹುದಾದ ಕಾಲಕ್ಕಿಂತ ಸಾವಿರ ವರ್ಷಕ್ಕೂ ಹಳೆಯದಾಗಿತ್ತು. ಕಾದಂಬರಿಯ ಹುಡುಗನೂ ಮೊದಲು ಇದೇ ಅವಸರದವನಾಗಿರುತ್ತಾನೆ. ಕರಣೆ ಕೆಳಗಿಟ್ಟು ಮೊದಲು ಅಳತೆ ಪಟ್ಟಿ ಕೈಗೆತ್ತಿಕೊಂಡ ಪುಟ ಬಂದರೆ ಪೆನ್ಸಿಲಿನಲ್ಲಿ ಗುರುತು ಹಾಕಿ. ಅವನು ಬೆಳೆದದ್ದು ಅಲ್ಲಿ, ಖಳನನ್ನು ಬಡಿದ ಪುಟದಲ್ಲಲ್ಲ.

ಬೆನ್ನಟ್ಟುವ ದೃಶ್ಯಗಳನ್ನು ಓಡಿಸಿಕೊಂಡು ಓದಿದರೂ ನಷ್ಟವಿಲ್ಲ. ಅದರ ನಂತರದ ಎರಡು ಪುಟಗಳಲ್ಲಿ ಮಾತ್ರ ನಿಧಾನಿಸಿ: ಗಾಯಕ್ಕೆ ಬಟ್ಟೆ ಕಟ್ಟುತ್ತ ಗುರು ಆಡುವ ಮಾತು, ಕೂಲಿಯಾಳಿಗೆ ನಾಯಕ ಕೊಡುವ ಉತ್ತರ.

ವಿಜ್ಞಾನದ ತಪ್ಪುಗಳಿಗೆ ಕಥೆ ನಿಲ್ಲಿಸಬೇಡಿ. ಪ್ರಾಚೀನ ಈಜಿಪ್ಟಿನ ದೊರೆ ಟುಟಂಖಾಮನ್‌ನ ಗೋರಿ 1922ರಲ್ಲಿ ಸಿಕ್ಕರೂ ಅದನ್ನು ಬರಿದು ಮಾಡಲು ಸುಮಾರು 10 ವರ್ಷ ಹಿಡಿಯಿತು. ಕಾದಂಬರಿಯಲ್ಲಿ ಒಂದು ರಾತ್ರಿ ಸಾಕು. ಒಪ್ಪಿಕೊಳ್ಳಿ. ಆದರೆ ಯಾರಾದರೂ ಕಲ್ಲಿನ ವಿಗ್ರಹಕ್ಕೆ ಇಂಗಾಲ-14 ಪರೀಕ್ಷೆ ಮಾಡಿ ವಯಸ್ಸು ಹೇಳಿದರೆ ಕಿವಿ ನಿಮಿರಲಿ: ಆ ಪರೀಕ್ಷೆ ನಡೆಯುವುದು ಇದ್ದಿಲು, ಮೂಳೆ, ಬೀಜದಂಥ ಒಮ್ಮೆ ಜೀವವಿದ್ದ ವಸ್ತುಗಳಿಗೆ, ಅದೂ ಸುಮಾರು 50,000 ವರ್ಷದೊಳಗೆ. ಲೇಖಕರು ಎಡವಿರಬಹುದು, ಅಥವಾ ಆ ಪಾತ್ರ ಸುಳ್ಳು ಹೇಳುತ್ತಿರಬಹುದು.

ಪುಸ್ತಕ ಮುಗಿದ ಮೇಲೆ ಬಲಗಡೆಯ ಸಾಲನ್ನಷ್ಟೇ ಮೇಲಿನಿಂದ ಓದಿ. ಆರಂಭದಲ್ಲಿ "ಜೇಬಿಗಿಳಿಸಿದ" ಎಂದಿದ್ದು ಕೊನೆಯಲ್ಲಿ "ಇದ್ದಲ್ಲೇ ಬಿಟ್ಟು ನಕ್ಷೆ ಬರೆದ" ಎಂದಿದ್ದರೆ, ನಡುವೆ ಯಾವ ಪುಟದಲ್ಲಿ ಅವನ ಕೈ ತಡೆಯಿತೆಂದು ಹುಡುಕಿ, ಆ ಅಧ್ಯಾಯವನ್ನು ಇನ್ನೊಮ್ಮೆ ಓದಿ.