ಮನೆಯಲ್ಲಿ ಇವಿ ಚಾರ್ಜಿಂಗ್ ಪಾಯಿಂಟ್: ಕೈಕೊಡುವುದು ಅರ್ಥಿಂಗೇ

ಎಲೆಕ್ಟ್ರಿಕ್ ಕಾರಿನ ಬಣ್ಣ, ರೇಂಜು, ಬೂಟ್ ಸ್ಪೇಸಿನ ಬಗ್ಗೆ ಮನೆಮಂದಿಯೆಲ್ಲ ತಿಂಗಳುಗಟ್ಟಲೆ ಚರ್ಚೆ ಮಾಡುತ್ತಾರೆ. ಅದನ್ನು ಸಿಕ್ಕಿಸುವ ಪ್ಲಗ್ಗಿನ ನೆನಪಾಗುವುದು ಡೆಲಿವರಿಯ ಹಿಂದಿನ ದಿನ. ಆಗ ವಾಷಿಂಗ್ ಮೆಷಿನ್ ಪಾಯಿಂಟಿನಿಂದಲೋ ಮೋಟರ್ ಪಾಯಿಂಟಿನಿಂದಲೋ ಒಂದು ವೈರ್ ಎಳೆದು ಕೆಲಸ ಮುಗಿಸುತ್ತಾರೆ. ಕಾರು ಬಂದ ರಾತ್ರಿ ಚಾರ್ಜರ್‌ನಲ್ಲಿ ಕೆಂಪು ದೀಪ ಮಿನುಗುತ್ತದೆ, ಬೆಳಿಗ್ಗೆ ಶೋರೂಮಿನವರಿಗೆ ಮಂಗಳಾರತಿ. ಸಾಮಾನ್ಯವಾಗಿ ಚಾರ್ಜರ್ ಸರಿಯಾಗಿಯೇ ಇರುತ್ತದೆ, ಮನೆಯ ಅರ್ಥಿಂಗ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ, ಸತ್ತಿರುತ್ತದೆ.

ಇಲ್ಲಿ ಹೇಳುತ್ತಿರುವುದು ಕಾರಿನ ಜೊತೆ ಬರುವ, 16 ಆಂಪ್ (ಮಾತಿನಲ್ಲಿ 15 ಆಂಪ್) ಪ್ಲಗ್ಗಿಗೆ ಸಿಕ್ಕಿಸುವ ಪೋರ್ಟಬಲ್ ಚಾರ್ಜರ್ ಬಗ್ಗೆ. ಗೋಡೆಗೆ ಹಾಕುವ 7.2 ಕಿಲೋವ್ಯಾಟ್ ಪೆಟ್ಟಿಗೆಯ ಲೆಕ್ಕವೇ ಬೇರೆ. ಸ್ಕೂಟರ್ ಚಾರ್ಜರ್ ಎಳೆಯುವುದು ಸಾಮಾನ್ಯವಾಗಿ ಒಂದು ಕಿಲೋವ್ಯಾಟ್‌ಗಿಂತ ಕಡಿಮೆ. ಅದಕ್ಕೆ ವೈರ್ ತೆಳುವಾದರೂ ನಡೆಯುತ್ತದೆ, ಅರ್ಥಿಂಗ್ ಮಾತ್ರ ಕಾರಿಗೆ ಎಷ್ಟು ಬೇಕೋ ಅಷ್ಟೇ ಬೇಕು.

1. ಮೊದಲು ಕರೆಂಟ್ ಬಿಲ್ ನೋಡಿ

ಬಿಲ್ಲಿನಲ್ಲಿ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಬರೆದಿರುತ್ತದೆ. ಕಾರಿನ ಚಾರ್ಜರ್ ಒಂದೇ 3.3 ಕಿಲೋವ್ಯಾಟ್, ಮೇಲೆ ಗೀಸರ್ 2. ಲೋಡ್ 2 ಅಥವಾ 3 ಎಂದಿದ್ದರೆ ಪರವಾನಗಿ ಇರುವ ಗುತ್ತಿಗೆದಾರರ ಮೂಲಕ ಹೆಚ್ಚಿಸಿಕೊಳ್ಳಿ. ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ಏರುತ್ತದೆ, ಅದು ಗೊತ್ತಿರಲಿ.

ಗೃಹಜ್ಯೋತಿ ಫಲಾನುಭವಿಗಳು ಇನ್ನೊಂದು ಲೆಕ್ಕ ಹಾಕಬೇಕು. ತಿಂಗಳಿಗೆ 1,000 ಕಿಲೋಮೀಟರ್ ಓಡುವ ಸಣ್ಣ ಕಾರು, ಚಾರ್ಜಿಂಗಿನಲ್ಲಿ ಸೋರುವುದೂ ಸೇರಿ, 150 ಯೂನಿಟ್ ಆಸುಪಾಸು ತಿನ್ನುತ್ತದೆ. ಮನೆಯ ಬಳಕೆ 90 ಇದ್ದರೂ ಒಟ್ಟು 200 ದಾಟುತ್ತದೆ, ದಾಟಿದ ತಿಂಗಳು ಪೂರ್ತಿ ಬಿಲ್ ನಿಮ್ಮದೇ. ಯೂನಿಟ್ಟಿಗೆ ಆರು ರೂಪಾಯಿ ಹಿಡಿದರೂ ಕಾರಿನ ಪಾಲು ಸುಮಾರು 900 ರೂಪಾಯಿ. ಪೆಟ್ರೋಲಿಗೆ ಹೋಲಿಸಿದರೆ ಇದು ಪುಡಿಗಾಸು. ಆದರೆ ಸೊನ್ನೆ ಬಿಲ್ ಕಂಡು ಅಭ್ಯಾಸವಾದವರಿಗೆ ಒಮ್ಮೆಲೇ 1,500ರ ಬಿಲ್ ಬಂದರೆ ಮೀಟರ್ ಕೆಟ್ಟಿದೆ ಎಂದೇ ಅನಿಸುತ್ತದೆ.

2. ವೈರು, ಎಂಸಿಬಿ

ಮೇನ್ ಬೋರ್ಡಿನಿಂದ ಪಾರ್ಕಿಂಗ್‌ವರೆಗೆ ಪ್ರತ್ಯೇಕ ಲೈನ್, ನಡುವೆ ಎಲ್ಲೂ ಜಾಯಿಂಟ್ ಬೇಡ. 20 ಮೀಟರ್ ಒಳಗಾದರೆ 4 ಚದರ ಮಿ.ಮೀ. ತಾಮ್ರದ ವೈರು, ಅಪಾರ್ಟ್‌ಮೆಂಟಿನಲ್ಲಿ 30–40 ಮೀಟರ್ ಎಳೆಯುವುದಿದ್ದರೆ 6. ಫೇಸ್ (ಕರೆಂಟ್ ತರುವ ವೈರು), ನ್ಯೂಟ್ರಲ್ (ವಾಪಸ್ ಒಯ್ಯುವ ವೈರು), ಹಸಿರು (ಅರ್ಥ್) ಮೂರೂ ಒಂದೇ ದಪ್ಪ. ಎಂಸಿಬಿ, ಅಂದರೆ ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ (ಆಫ್ ಆಗುವ) ಸ್ವಿಚ್, 20 ಆಂಪಿನದು, ಸಿ ಕರ್ವ್ (ಕ್ಷಣಕಾಲದ ಏರಿಕೆಯನ್ನು ತಡೆದುಕೊಳ್ಳುವ ಬಗೆ). ಚಾರ್ಜರ್ ಗಂಟೆಗಟ್ಟಲೆ 14 ಆಂಪ್ ಮೇಲೆಯೇ ಎಳೆಯುವುದರಿಂದ ಬೇಸಿಗೆಯಲ್ಲಿ ಕಾದ ಬೋರ್ಡಿನೊಳಗೆ 16 ಆಂಪಿನದು ಸುಮ್ಮನೆ ಬೀಳುತ್ತದೆ. ಇನ್ವರ್ಟರ್ ಅಥವಾ ಯುಪಿಎಸ್ ಲೈನಿಗೆ ಇದನ್ನು ಸೇರಿಸಬೇಡಿ.

3. ಅರ್ಥಿಂಗ್: ಇಲ್ಲಿ ಅವಸರ ಬೇಡ

ಹಳೆ ಮನೆಗಳಲ್ಲಿ ಹಸಿರು ವೈರ್ ಇರುತ್ತದೆ, ಅದು ಹೋಗಿ ಸೇರುವ ಜಾಗ ಇರುವುದಿಲ್ಲ. ಒಂದು ಕಾಲದಲ್ಲಿ ನೀರಿನ ಜಿಐ ಪೈಪಿಗೆ ಸುತ್ತಿದ್ದರು. ಆಮೇಲೆ ಪ್ಲಂಬರ್ ಪ್ಲಾಸ್ಟಿಕ್ ಪೈಪ್ ಹಾಕಿ ಹೋದ, ಅರ್ಥ್ ಗಾಳಿಯಲ್ಲಿ ಉಳಿಯಿತು. ಇಲ್ಲವೇ ಅರ್ಥ್ ಗುಂಡಿ ಪಾರ್ಕಿಂಗ್ ಟೈಲ್ಸ್ ಕೆಳಗೆ ಹೂತುಹೋಗಿ ತಂತಿ ತುಕ್ಕು ತಿಂದು ತುಂಡಾಗಿರುತ್ತದೆ. ಫ್ರಿಜ್ಜು, ಮಿಕ್ಸಿ ಇದನ್ನು ಕೇಳುವುದಿಲ್ಲ. ಕಾರಿನ ಚಾರ್ಜರ್ ಕೇಳುತ್ತದೆ, ಅರ್ಥ್ ಸಿಗದಿದ್ದರೆ ಕೆಂಪು ದೀಪ ಹಾಕಿ ಕೂರುತ್ತದೆ.

ಎಲ್ಲರೂ ಅಡ್ಡದಾರಿ ಹಿಡಿಯುವುದು ಇಲ್ಲೇ. ಸಾಕೆಟ್ಟಿನ ಹಿಂದೆ ಎರಡಿಂಚು ವೈರಿನಲ್ಲಿ ನ್ಯೂಟ್ರಲ್ಲಿಗೂ ಅರ್ಥ್ ಪಿನ್ನಿಗೂ ಲೂಪ್ ಹಾಕಿದರೆ ಕೆಂಪು ದೀಪ ಹಸಿರಾಗುತ್ತದೆ, ಐದು ನಿಮಿಷದ ಕೆಲಸ. ಇದನ್ನು ಮಾಡಿಕೊಡುತ್ತೇನೆ ಎನ್ನುವವರಿಗೆ ಗೇಟಿನ ದಾರಿ ತೋರಿಸಿ. ಹೊರಗೆಲ್ಲೋ ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಚಾರ್ಜರ್ ಮೂಲಕ ಬಂದ ಫೇಸ್ ಈ ಲೂಪಿನಿಂದ ಕಾರಿನ ಲೋಹದ ಬಾಡಿಯನ್ನು ಏರುತ್ತದೆ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ಡೋರ್ ಹಿಡಿದವರ ಗತಿ ಊಹಿಸಿಕೊಳ್ಳಿ. ಸಾಕೆಟ್ಟಿನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲಾಗಿದ್ದರಂತೂ ಏನೂ ಕಡಿಯುವುದೇ ಬೇಡ, ಪ್ಲಗ್ ಹಾಕಿದ ಕ್ಷಣವೇ ಬಾಡಿಯಲ್ಲಿ 230 ವೋಲ್ಟ್. ಆರ್‌ಸಿಸಿಬಿ (ಹೋದ ಕರೆಂಟಿಗೂ ವಾಪಸ್ ಬಂದದ್ದಕ್ಕೂ ವ್ಯತ್ಯಾಸ ಕಂಡರೆ ಬೀಳುವ ಸ್ವಿಚ್) ಕೂಡ ಈ ಲೂಪಿನ ಮುಂದೆ ಕಿವುಡು: ಕಾರಿನ ಬಾಡಿಯ ಕಡೆ ಸೋರಿದ ಕರೆಂಟ್ ಅದೇ ನ್ಯೂಟ್ರಲ್ಲಿನಲ್ಲಿ ವಾಪಸ್ ಬರುವುದರಿಂದ ಹೋದದ್ದೂ ಬಂದದ್ದೂ ಸಮವಾಗಿ ಕಾಣುತ್ತದೆ, ಅದು ಬೀಳುವುದೇ ಇಲ್ಲ. ಅರ್ಥ್ ಇದೆ ಎಂದು ಚಾರ್ಜರನ್ನು ನಂಬಿಸುವ ಪ್ಲಗ್ಗುಗಳು ಆನ್‌ಲೈನಿನಲ್ಲಿ ಸಿಗುತ್ತವೆ, ಅವುಗಳ ಹಣೆಬರಹವೂ ಇದೇ.

ಹೊಸ ಗುಂಡಿಯೇ ತೋಡಿಸಿ. ಗೋಡೆಯಿಂದ ಕನಿಷ್ಠ ಒಂದೂವರೆ ಮೀಟರ್ ದೂರ, ಗಿಡಕ್ಕೆ ನೀರು ಹಾಕುವ ಕಡೆಯಾದರೆ ಇನ್ನೂ ಒಳ್ಳೆಯದು. ಮೂರು ಮೀಟರ್ ಉದ್ದದ, ತಾಮ್ರ ಲೇಪಿಸಿದ ಕಬ್ಬಿಣದ ರಾಡು, ಸುತ್ತ ಬೆಂಟೊನೈಟ್ (ತೇವ ಹಿಡಿದಿಡುವ ಜೇಡಿಮಣ್ಣು) ಪುಡಿಯನ್ನು ನೀರಲ್ಲಿ ಗಂಜಿಯಂತೆ ಕಲಸಿ ತುಂಬಬೇಕು. ಚೀಲ ಹರಿದು ಒಣ ಪುಡಿ ಸುರಿದು ಮೇಲೆ ಒಂದು ಬಕೆಟ್ ನೀರು ಹುಯ್ಯುವುದು ಕಳ್ಳಕೆಲಸ. ಕೆಳಗೆ ಪೊಳ್ಳು ಉಳಿದು ರಾಡು ಮಣ್ಣನ್ನು ಮುಟ್ಟುವುದೇ ಇಲ್ಲ. ಹಳೆ ಪದ್ಧತಿಯ ಇದ್ದಿಲು, ಉಪ್ಪು, ಜಿಐ ಪೈಪು ಈಗಲೂ ನಡೆಯುತ್ತದೆ. ಆದರೆ ಉಪ್ಪು ಮಳೆಗೆ ಕರಗಿ ಹೋಗುತ್ತದೆ, ಪೈಪನ್ನೂ ತಿನ್ನುತ್ತದೆ. ಕರಾವಳಿಯ ಮುರಕಲ್ಲಿನಲ್ಲಿ, ಬಂಡೆ ಇರುವ ಜಾಗದಲ್ಲಿ ಒಂದು ರಾಡು ಸಾಲದು. ಮೂರು ಮೀಟರ್ ಅಂತರದಲ್ಲಿ ಇನ್ನೊಂದು ಹಾಕಿ ಎರಡನ್ನೂ ಸೇರಿಸಿ.

ಕೆಲಸ ಮುಗಿದ ಮೇಲೆ ಎಲೆಕ್ಟ್ರಿಷಿಯನ್ ಫೇಸಿಗೂ ಅರ್ಥಿಗೂ 100 ವ್ಯಾಟ್ ಬಲ್ಬ್ ಸಿಕ್ಕಿಸಿ, "ನೋಡಿ ಸಾರ್, ಫುಲ್ ಉರೀತಿದೆ" ಎನ್ನುತ್ತಾನೆ. ಒಪ್ಪಬೇಡಿ. ಆ ಬಲ್ಬು ಎಳೆಯುವುದು ಅರ್ಧ ಆಂಪಿಗೂ ಕಡಿಮೆ. ಅರ್ಥ್ ರೆಸಿಸ್ಟೆನ್ಸ್ 50 ಓಮ್ ಇದ್ದರೂ ಕಳೆದುಹೋಗುವುದು ಬರೀ 20 ವೋಲ್ಟ್, ಕಣ್ಣಿಗೆ ಅಷ್ಟಾಗಿ ಗೊತ್ತಾಗುವುದಿಲ್ಲ. ಅರ್ಥ್ ಟೆಸ್ಟರ್ ತರಿಸಿ ಅಳೆಸಿ, 5 ಓಮ್ ಒಳಗೆ ಬರಬೇಕು. ಜೊತೆಗೆ ಮಲ್ಟಿಮೀಟರ್ ಹಿಡಿದು ಹೊಸ ಸಾಕೆಟ್ಟಿನಲ್ಲೇ ಮೂರು ಅಳತೆ: ಫೇಸ್–ನ್ಯೂಟ್ರಲ್ 230ರ ಸುಮಾರು, ಫೇಸ್–ಅರ್ಥ್ ಹೆಚ್ಚುಕಮ್ಮಿ ಅಷ್ಟೇ, ನ್ಯೂಟ್ರಲ್–ಅರ್ಥ್ ಎರಡು ಮೂರು ವೋಲ್ಟ್ ಒಳಗೆ. ಕೊನೆಯದನ್ನು ಗೀಸರ್ ಹಾಕಿ ಇನ್ನೊಮ್ಮೆ ಅಳೆಯಿರಿ. ಲೋಡ್ ಬಿದ್ದಾಗ ಹತ್ತಕ್ಕೆ ಜಿಗಿದರೆ ನ್ಯೂಟ್ರಲ್ ಎಲ್ಲೋ ಸಡಿಲವಾಗಿದೆ ಎಂಬ ಅನುಮಾನ ಬರಬೇಕು, ಅದನ್ನು ಹುಡುಕಿಸಿ. ನ್ಯೂಟ್ರಲ್–ಅರ್ಥ್ ನಡುವೆ ಲೋಡ್ ಹಾಕಿದರೂ ಸರಿಯಾಗಿ ಸೊನ್ನೆ ತೋರಿಸುತ್ತಿದ್ದರೆ ಖುಷಿಪಡಬೇಡಿ, ಯಾರೋ ಮೊದಲೇ ಲೂಪ್ ಹಾಕಿರಬಹುದು. ಮೇನ್ ಆಫ್ ಮಾಡಿ ಸಾಕೆಟ್ ಬಿಚ್ಚಿಸಿ ನೋಡಿ.

4. ಆರ್‌ಸಿಸಿಬಿ

ಅರ್ಥಿಂಗ್ ಚೆನ್ನಾಗಿದ್ದರೆ ಎಂಸಿಬಿ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು. 5 ಓಮ್ ಅರ್ಥಿನಲ್ಲಿ ಫೇಸ್ ಕಾರಿನ ಬಾಡಿಯನ್ನು ಮುಟ್ಟಿದರೆ ಹರಿಯುವುದು 46 ಆಂಪ್. 20 ಆಂಪಿನ ಸಿ ಕರ್ವ್ ಎಂಸಿಬಿ ಥಟ್ಟನೆ ಬೀಳಲು 100 ಆಂಪ್‌ಗೂ ಮೇಲೆ ಬೇಕು, 46ಕ್ಕೆ ಅದು ಒಂದು ನಿಮಿಷ ಯೋಚನೆ ಮಾಡಿದರೂ ಆಶ್ಚರ್ಯವಿಲ್ಲ. 30 ಮಿಲಿಆಂಪ್ ಆರ್‌ಸಿಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಬೀಳುತ್ತದೆ.

ಅಂಗಡಿಯಲ್ಲಿ ಎರಡು ಸಂಗತಿ ನೋಡಿ ತನ್ನಿ. ಒಂದು, 30 ಮಿಲಿಆಂಪ್ ಎಂದೇ ಬರೆದಿರಬೇಕು. "ಸ್ಟಾಕ್ ಇಲ್ಲ, 100ರದ್ದೂ ಅದೇ" ಎಂದು ಕೊಡುತ್ತಾರೆ. ಅದು ಬೆಂಕಿ ತಡೆಯಲು, ಮನುಷ್ಯರನ್ನು ಉಳಿಸಲು ಅಲ್ಲ. ಎರಡು, ಅದರ ಮೇಲಿನ ಚಿತ್ರ. ಬರೀ ಅಲೆಯ ಗುರುತು ಇದ್ದರೆ ಅದು ಎಸಿ ಟೈಪ್. ಅಲೆಯ ಕೆಳಗೆ ಗುಡ್ಡದಂಥ ಇನ್ನೊಂದು ಗುರುತೂ ಇದ್ದರೆ ಎ ಟೈಪ್. ಇವಿಗೆ ಎ ಟೈಪೇ ಬೇಕು, ಏಕೆಂದರೆ ಚಾರ್ಜರ್‌ನಿಂದ ಸೋರುವುದು ಯಾವಾಗಲೂ ಶುದ್ಧ ಎಸಿ ಆಗಿರುವುದಿಲ್ಲ. ಬೆಲೆ ಹೆಚ್ಚು, ಚೌಕಾಸಿ ಮಾಡಿ ಬೇಕಾದರೆ, ಬದಲಿ ಮಾತ್ರ ತರಬೇಡಿ.

5. ಸಾಕೆಟ್

ಐಎಸ್‌ಐ ಗುರುತಿನ 16 ಆಂಪ್ ಒಂಟಿ ಸಾಕೆಟ್. ಸಣ್ಣ ಪಿನ್ನೂ ದೊಡ್ಡ ಪಿನ್ನೂ ಹೋಗುವ 6/16 ಜೋಡಿ ಸಾಕೆಟ್ ಬೇಡ. ಅದರ ಹಿಡಿತ ಬೇಗ ಸಡಿಲವಾಗುತ್ತದೆ, ಸಡಿಲವಾದಲ್ಲಿ ಬಿಸಿ, ಬಿಸಿಯಾದಲ್ಲಿ ಪ್ಲಾಸ್ಟಿಕ್ ಕರಗುವುದು. ವೈರಿನ ತುದಿಗೆ ತಾಮ್ರದ ಪಿನ್ ಲಗ್ ಒತ್ತಿಸಿಯೇ ಸ್ಕ್ರೂ ಬಿಗಿಸಬೇಕು. ಏರ್ ಕಂಡೀಷನರ್‌ಗೆ ಬಳಸುವ ಲೋಹದ ಬಾಕ್ಸ್ ತಂದು ಹಾಕಿಬಿಟ್ಟು, ಅದಕ್ಕೆ ಹೊಂದಲೆಂದು ಚಾರ್ಜರ್‌ನ ಪ್ಲಗ್ ಕತ್ತರಿಸುವ ಮಹಾನುಭಾವರಿದ್ದಾರೆ. ಕೆಲವು ಚಾರ್ಜರ್‌ಗಳ ಪ್ಲಗ್ಗಿನೊಳಗೆ ಬಿಸಿ ಅಳೆಯುವ ಸೆನ್ಸರ್ ಇರುತ್ತದೆ. ಕತ್ತರಿ ಆಡಿಸಿದರೆ ಅದರ ಜೊತೆ ವಾರಂಟಿಯೂ ಹೋಯಿತು. ಎಕ್ಸ್‌ಟೆನ್ಷನ್ ಬಾಕ್ಸಿನ ಸುದ್ದಿಯೇ ಬೇಡ.

ನೆಲದಿಂದ ನಾಲ್ಕಡಿ ಎತ್ತರಕ್ಕೆ ಹಾಕಿಸಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೇಸ್‌ಮೆಂಟುಗಳಿಗೆ ನುಗ್ಗಿದ ನೀರು ನೆನಪಿರುವವರಿಗೆ ಕಾರಣ ಹೇಳಬೇಕಿಲ್ಲ.

6. ಮೊದಲ ಚಾರ್ಜ್

ಸಂಜೆ ಎಲ್ಲರೂ ಎಚ್ಚರ ಇರುವಾಗ ಹಾಕಿ. ಒಂದು ಗಂಟೆ ಬಿಟ್ಟು ಪ್ಲಗ್ಗಿನ ಬೆನ್ನಿಗೆ ಕೈ ಇಡಿ. ಬೆಚ್ಚಗಿದ್ದರೆ ಸರಿ, ಬಿಸಿ ಕಾಫಿ ಲೋಟದಂತೆ ಕೈ ಎಳೆದುಕೊಳ್ಳುವಂತಿದ್ದರೆ ಮೊದಲು ಎಂಸಿಬಿ ಆಫ್ ಮಾಡಿ, ಆಮೇಲೆ ಪ್ಲಗ್ ಕೀಳಿ. ತಿಂಗಳಾದ ಮೇಲೆ ಮೇನ್ ಆಫ್ ಮಾಡಿಸಿ ಸಾಕೆಟ್ಟಿನ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿ ಮಾಡಿಸಬೇಕು, ಕಾದು ತಣಿದು ಅವು ಸಡಿಲವಾಗುತ್ತವೆ. ಆರ್‌ಸಿಸಿಬಿಯ ಟಿ (ಟೆಸ್ಟ್) ಬಟನ್ ತಿಂಗಳಿಗೊಮ್ಮೆ ಒತ್ತಿ. ಬೀಳದಿದ್ದರೆ ಬದಲಿಸಿ. ಅದು ಬಿದ್ದ ಮಾತ್ರಕ್ಕೆ ಅರ್ಥ್ ಇದೆ ಎಂದುಕೊಳ್ಳಬೇಡಿ, ಆ ಬಟನ್ ಅರ್ಥನ್ನು ನೋಡುವುದೇ ಇಲ್ಲ.

ಮಳೆಗಾಲದಲ್ಲಿ 3 ಓಮ್ ತೋರಿಸಿದ ಗುಂಡಿ ಏಪ್ರಿಲ್‌ನಲ್ಲಿ ಒಣಗಿ 10 ದಾಟಬಹುದು. ವರ್ಷಕ್ಕೊಮ್ಮೆ ಅಳೆಸುವುದಾದರೆ ಯುಗಾದಿಯ ಆಸುಪಾಸು ಅಳೆಸಿ, ಬೇಸಿಗೆಯಿಡೀ ವಾರಕ್ಕೆರಡು ಬಕೆಟ್ ನೀರು ಹಾಕಿ. ಅಂಗಳಕ್ಕೆ ಟೈಲ್ಸ್ ಹಾಕಲು ಬಂದವರಿಗೆ ಆ ಗುಂಡಿಯ ಮುಚ್ಚಳ ಎಲ್ಲಿದೆ ಎಂದು ಮೊದಲೇ ತೋರಿಸಿಬಿಡಿ.