ಕೀಲಿ ಗೊಂಚಲು ಕೈಬಿಟ್ಟ ಮೇಲೆ

ಕುಷ್ಟಗಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯ ಶಿಕ್ಷಕ. ‘ನಮ್ಮ ಹೆಡ್‌ಮಾಸ್ತರು ಕೂತದ್ದ ನೋಡಿಲ್ಲ, ಬಾಳ ದುಡಿತಾರ’ ಅಂತ ಊರವರು ಹೇಳಿದರೆ ಒಳಗೊಳಗೇ ಉಬ್ಬುತ್ತಿದ್ದೆ. ಅದೇನು ಸುಳ್ಳಲ್ಲ. ಬೆಳಿಗ್ಗೆ ಬಂದವನೇ ಉಗ್ರಾಣ ತೆಗೆದು ಹಾಲಿನ ಪುಡಿ ಅಳೆದುಕೊಡಬೇಕು, ಒಂದು ಮಗುವಿಗೆ 18 ಗ್ರಾಂ. ಆಮೇಲೆ ಅಕ್ಕಿ: ಐದನೇ ತರಗತಿವರೆಗೆ ತಲೆಗೆ 100 ಗ್ರಾಂ, ಮೇಲಿನವರಿಗೆ 150. ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣಿನವರೆಷ್ಟು ಅಂತ ಕೈ ಎತ್ತಿಸಿ ಎಣಿಸಬೇಕು. ಅಷ್ಟರಲ್ಲಿ ವಾಟ್ಸಾಪಿನಲ್ಲಿ ‘ತುರ್ತು, ಇಂದೇ ಸಲ್ಲಿಸಿ’ ಅಂತ ಒಂದು ನಮೂನೆ ಬಂದಿರುತ್ತದೆ. ಅದನ್ನು ತುಂಬಿ ಮುಗಿಸುವಾಗ ಊಟದ ಗಂಟೆ.

2022ರ ಜುಲೈನಲ್ಲಿ ಒಂದು ದಿನ ನಾಲ್ಕನೇ ತರಗತಿಯ ಮೇಡಂ ರಜೆ ಹಾಕಿದ್ದರು. ದಾಸ್ತಾನು ರಿಜಿಸ್ಟರನ್ನು ಕಂಕುಳಲ್ಲಿ ಇಟ್ಟುಕೊಂಡೇ ಆ ಕೋಣೆಗೆ ಹೋದೆ. ಮುಂದಿನ ಸಾಲಿನ ಹುಡುಗನಿಗೆ ‘ಓದಪ್ಪಾ’ ಅಂದು, ಅವನ ಡೆಸ್ಕಿನ ಮೂಲೆಯಲ್ಲೇ ರಿಜಿಸ್ಟರ್ ಬಿಚ್ಚಿ ಬರೆಯತೊಡಗಿದೆ. ಹುಡುಗ ಗಟ್ಟಿ ದನಿಯಲ್ಲಿ, ಒಂದೂ ತಪ್ಪಿಲ್ಲದೆ ಓದುತ್ತಿದ್ದ. ಪುಟ ತಿರುವುವಾಗ ನನ್ನ ರಿಜಿಸ್ಟರ್ ಜಾರಿ ಅವನ ಪುಸ್ತಕದ ಮೇಲೆ ಬಿತ್ತು. ಅಕ್ಷರವೆಲ್ಲ ಮುಚ್ಚಿಹೋದರೂ ಅವನು ಓದುತ್ತಲೇ ಇದ್ದ.

ಪಾಠ ಬಾಯಿಪಾಠವಾಗಿತ್ತು, ಅಷ್ಟೇ.

ಅವತ್ತು ಮಧ್ಯಾಹ್ನ 23 ಮಕ್ಕಳನ್ನೂ ಒಬ್ಬೊಬ್ಬರನ್ನಾಗಿ ಕರೆದು, ಅವರು ನೋಡಿರದ ಪುಟ ಕೊಟ್ಟು ಓದಿಸಿದೆ. ಒಂಬತ್ತು ಮಂದಿಗೆ ಒತ್ತಕ್ಷರ ಬಂದ ಕಡೆ ಬಂಡಿ ನಿಲ್ಲುತ್ತಿತ್ತು. ‘ಚಂದ್ರ’ ಅಂದರೆ ‘ಚಂದ’. ಅವರಲ್ಲೇ ನಾಲ್ವರಿಗೆ ‘ಕಿ’ ಯಾವುದು, ‘ಕೀ’ ಯಾವುದು ಗೊತ್ತಿಲ್ಲ. ಇವರು ಒಂದನೇ ತರಗತಿಯಲ್ಲಿದ್ದಾಗ, 2020ರ ಮಾರ್ಚಿನಲ್ಲಿ ಶಾಲೆ ಮುಚ್ಚಿತು. ಒಂದರಿಂದ ಐದನೇ ತರಗತಿಗೆ ಮತ್ತೆ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಆಟ, ಹಾಡು, ಕಾರ್ಡುಗಳಿಂದ ಕಲಿಸುವ ನಲಿ-ಕಲಿ ಇರುವುದು ಮೂರನೇ ತರಗತಿವರೆಗೆ. ಆ ಬುಡವನ್ನೇ ದಾಟದ ಮಕ್ಕಳ ಕೈಗೆ ನಾವು ನಾಲ್ಕರ ಪಠ್ಯ ಕೊಟ್ಟು ಕೂರಿಸಿದ್ದೆವು. ಇದು ನನಗೆ ಗೊತ್ತಿರಬೇಕಿತ್ತು. ಉಗ್ರಾಣದಲ್ಲಿ ಎಷ್ಟು ಕಿಲೋ ಬೇಳೆ ಇದೆ ಎಂಬುದು ಮಾತ್ರ ಬಾಯಲ್ಲೇ ಇತ್ತು.

ಒಂದು ವಾರ ಹಳೇ ಹಾಜರಿ ಹಾಳೆಯ ಹಿಂಬದಿಗೆ ನಾನು ಮಾಡಿದ್ದನ್ನೆಲ್ಲ ಬರೆದಿಟ್ಟೆ. ಶನಿವಾರ ನೋಡಿದರೆ, ಮಗುವಿನ ಎದುರು ಕೂತ ಕೆಲಸ ಅಂತ ಇದ್ದದ್ದು ಒಂದೇ, ಅದೂ ಬಿದ್ದು ಮೊಣಕಾಲು ಕೆತ್ತಿಕೊಂಡವಳಿಗೆ ಔಷಧ ಹಚ್ಚಿದ್ದು.

ಮೊದಲು ಬಿಟ್ಟದ್ದು ಕೀಲಿ ಗೊಂಚಲು. ಅಡುಗೆಯ ಅಕ್ಕನವರು ಒಪ್ಪಲಿಲ್ಲ: ‘ಹೆಚ್ಚುಕಮ್ಮಿ ಆದ್ರ ನನ್ನ ಮ್ಯಾಲ ಬರ್ತದಲ್ರೀ ಸರ್?’ ಮಾತು ನ್ಯಾಯವೇ, ಲೆಕ್ಕ ತಪ್ಪಿದರೆ ಹೊರಬೇಕಾದವನು ನಾನು. ತಕ್ಕಡಿಯಲ್ಲಿ ಒಮ್ಮೆ ಸರಿಯಾಗಿ ತೂಗಿ, ಡಬ್ಬಿಗೆ ಕೆಂಪು ಬಣ್ಣದ ಗೆರೆ ಎಳೆದೆವು. ಅವರು ಅಳೆಯುವುದು, ಒಬ್ಬ ಶಿಕ್ಷಕರು ಎದುರು ನಿಂತು ಸಹಿ ಹಾಕುವುದು, ನಾನು ಸಂಜೆ ಒಮ್ಮೆ ನೋಡುವುದು. ಆನ್‌ಲೈನ್ ಎಂಟ್ರಿಯನ್ನು ಮೊಬೈಲಿನಲ್ಲಿ ಕೈ ಚುರುಕಾದ ಕಿರಿಯ ಮೇಷ್ಟ್ರಿಗೆ ಕೊಟ್ಟೆ. ಅದಕ್ಕೆ ಬದಲಾಗಿ ಅವರ ಒಂದು ಪೀರಿಯಡ್ಡು ನನ್ನದಾಯಿತು. ಹತ್ತೂವರೆಯಿಂದ ಹನ್ನೆರಡರವರೆಗೆ ನನ್ನ ಫೋನು ಮೇಜಿನ ಡ್ರಾದಲ್ಲಿ.

ಮೊದಲ ತಿಂಗಳು ಚೆನ್ನಾಗೇನೂ ಇರಲಿಲ್ಲ. ತರಗತಿಯ ಹಿಂದೆ ಕುರ್ಚಿ ಹಾಕಿಕೊಂಡು ಕೂತರೆ ಮೇಡಂ ಅದನ್ನು ತಪಾಸಣೆ ಅಂದುಕೊಂಡರು. ಸ್ಟಾಫ್ ರೂಮಿನಲ್ಲಿ ನನ್ನ ಜೊತೆ ಮಾತೇ ನಿಂತುಹೋಯಿತು. ಕುರ್ಚಿ ಬಿಟ್ಟು, ನಾಲ್ವರು ಮಕ್ಕಳ ಜೊತೆ ವರಾಂಡದ ಚಾಪೆಗೆ ಇಳಿದ ಮೇಲೆ ‘ಸರ್, ಇವನನ್ನೂ ಕರ್ಕೊಂಡು ಹೋಗ್ರಿ’ ಅಂತ ಅವರೇ ಕಳಿಸತೊಡಗಿದರು. ಇನ್ನೊಂದು ಪೆಟ್ಟೂ ಬಿತ್ತು: ಯಾವುದೋ ಮಾಹಿತಿ ಹನ್ನೆರಡಕ್ಕೇ ಬೇಕು ಅಂತ ಮೇಲಧಿಕಾರಿಗಳು ಹನ್ನೊಂದಕ್ಕೆ ಕೇಳಿದ್ದರು, ಫೋನು ಡ್ರಾದಲ್ಲಿತ್ತು, ನಾನು ನೋಡಲೇ ಇಲ್ಲ. ಮುಂದಿನ ಸಭೆಯಲ್ಲಿ ಎಲ್ಲರೆದುರು ಎದ್ದು ನಿಲ್ಲಿಸಿ ಬೈದರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಅದೇ ಮೊದಲು. ರಾತ್ರಿ ನಿದ್ದೆ ಬರಲಿಲ್ಲ, ನಿಜ ಹೇಳುತ್ತೇನೆ. ಮರುದಿನವೂ ಫೋನು ಡ್ರಾಕ್ಕೇ ಹೋಯಿತು. ಆದರೆ ಹನ್ನೊಂದಕ್ಕೊಮ್ಮೆ ಕಿರಿಯ ಮೇಷ್ಟ್ರು ನೋಡಬೇಕು, ನಿಜವಾಗಿ ತುರ್ತಿದ್ದರೆ ಮಾತ್ರ ಕರೆಯಬೇಕು ಅಂತ ಮಾಡಿಕೊಂಡೆವು. ಅವರು ಕರೆದದ್ದು ಇಡೀ ವರ್ಷದಲ್ಲಿ ನಾಲ್ಕೋ ಐದೋ ಸಲ.

ಚಾಪೆಯ ಮೇಲೆ ಮಾಡಿದ್ದು ದೊಡ್ಡದೇನಲ್ಲ. ಮಕ್ಕಳು ತಮ್ಮ ಮನೆಯ ಮಾತು ಹೇಳುವುದು, ನಾನು ಸ್ಲೇಟಿನಲ್ಲಿ ಬರೆಯುವುದು, ಅವರು ಅದನ್ನು ಓದುವುದು. ‘ಅಜ್ಜಿ’, ‘ರೊಟ್ಟಿ’, ‘ಎಮ್ಮಿ’. ಒತ್ತಕ್ಷರ ಅವರ ಬಾಯಲ್ಲಿ ಮೊದಲೇ ಇತ್ತು. ಮಾರ್ಚಿನ ಹೊತ್ತಿಗೆ ಒಂಬತ್ತರಲ್ಲಿ ಆರು ಮಂದಿ ಹೊಸ ಪುಟ ಕೊಟ್ಟರೆ ತಡವರಿಸಿಯಾದರೂ ಓದುತ್ತಿದ್ದರು. ರಿಜಿಸ್ಟರಿನ ಕೆಳಗೂ ಓದಿದ ಆ ಹುಡುಗ ಅವರಲ್ಲೊಬ್ಬ. ಇಬ್ಬರು ಇನ್ನೂ ಕಾಗುಣಿತದಲ್ಲೇ ಇದ್ದರು.

ಒಂಬತ್ತನೆಯವಳು ದೀಪಾವಳಿ ಮುಗಿದ ವಾರವೇ ಅಪ್ಪ-ಅಮ್ಮನ ಜೊತೆ ಮಂಗಳೂರಿಗೆ ಗುಳೆ ಹೋದಳು, ಕಟ್ಟಡದ ಕೆಲಸಕ್ಕೆ. ಹೋಗುವ ಹಿಂದಿನ ದಿನ ‘ಸ್ಲೇಟ್ ಒಯ್ಯಲೇನ್ರೀ ಸರ್’ ಅಂದಳು. ಒಯ್ಯಿ ಅಂದೆ. ದಾಸ್ತಾನಿನಲ್ಲಿ ಒಂದು ಸ್ಲೇಟ್ ಕಮ್ಮಿ ಇದೆ ಅಂತ ಅಡುಗೆಯ ಅಕ್ಕನವರು ಮೊನ್ನೆ ಎಣಿಸಿ ಹೇಳಿದರು.