ಗ್ಯಾಲರಿಯಲ್ಲೇ ರಾತ್ರಿ ತಂಗುವುದು ಹೇಗೆ

ಸಮಕಾಲೀನ ಕಲೆಯ ಗ್ಯಾಲರಿಯೂ ಆಗಿರುವ ಬೊಟಿಕ್ ಹೋಟೆಲ್‌ಗೆ ದುಬಾರಿ ಬಾಡಿಗೆ ಕೊಟ್ಟು ಹೋದವರು ಸಾಮಾನ್ಯವಾಗಿ ಮಾಡುವುದು ಇಷ್ಟೇ. ಬ್ಯಾಗ್ ಇಟ್ಟು, ಲಾಬಿಯ ದೊಡ್ಡ ಚಿತ್ರದ ಮುಂದೆ ಫೋಟೊ ತೆಗೆಸಿಕೊಂಡು, ಊಟಕ್ಕೆ ಹೊರಟುಬಿಡುತ್ತಾರೆ. ಮರುದಿನ ಕೋಣೆ ಬಿಡುವ ಅವಸರದಲ್ಲಿ ಹಾಸಿಗೆಯ ಎದುರಿದ್ದ ಚಿತ್ರ ಹಿಡಿಸಿತೆಂದು ಕೊಂಡು, ಮನೆಗೆ ತಂದ ಮೇಲೆ ‘ಅಲ್ಲಿ ಕಂಡ ಬಣ್ಣವೇ ಇದರಲ್ಲಿಲ್ಲ’ ಎಂದು ಪೇಚಾಡುತ್ತಾರೆ. ಮಾಮೂಲಿ ಗ್ಯಾಲರಿಯಲ್ಲಿ ಒಂದು ಚಿತ್ರದ ಮುಂದೆ ಐದು ನಿಮಿಷ ನಿಂತರೆ ಅದೇ ಹೆಚ್ಚು. ಇಲ್ಲಿ ಮಧ್ಯಾಹ್ನ 2ಕ್ಕೆ ಕೋಣೆ ಸಿಕ್ಕಿ ಮರುದಿನ 11ಕ್ಕೆ ಬಿಡುವುದಾದರೆ, 21 ಗಂಟೆ ಅದೇ ಚಿತ್ರ ನಿಮ್ಮೆದುರು ಇರುತ್ತದೆ. ಕೊಟ್ಟ ಹೆಚ್ಚಿನ ದುಡ್ಡು ಈ 21 ಗಂಟೆಗೆ. ಅದನ್ನು ಬಳಸಿಕೊಳ್ಳುವ ಬಗೆ ಇಲ್ಲಿದೆ.

ಬುಕಿಂಗ್: ಆ್ಯಪ್ ಬಿಡಿ, ಫೋನ್ ಮಾಡಿ

ಆ್ಯಪ್‌ನಲ್ಲಿ ಕಾಣುವುದು ಹಾಸಿಗೆಯ ಅಳತೆ ಮತ್ತು ತಿಂಡಿ ಸೇರಿದೆಯೋ ಇಲ್ಲವೋ ಎಂಬುದು ಮಾತ್ರ. ನಿಮಗೆ ಬೇಕಾದ ನಾಲ್ಕು ಉತ್ತರ ಫೋನಿನಲ್ಲೇ ಸಿಗಬೇಕು. ಕೋಣೆಯಲ್ಲಿರುವುದು ಮೂಲ ಕೃತಿಯೋ ಪ್ರಿಂಟೋ? ಈಗಿನ ಪ್ರದರ್ಶನ ಯಾವತ್ತಿನವರೆಗೆ? ಕಿಟಕಿ ಯಾವ ದಿಕ್ಕಿಗಿದೆ? ಕೋಣೆಯಲ್ಲಿ ವಿಡಿಯೊ, ನಿಯಾನ್ ಅಥವಾ ಸದ್ದು ಮಾಡುವ ಕೃತಿ ಇದೆಯೇ, ಇದ್ದರೆ ರಾತ್ರಿ ಆರಿಸಬಹುದೇ?

ಮೊದಲ ಪ್ರಶ್ನೆಯನ್ನು ಬಿಡಲೇಬೇಡಿ. ಮೂಲ ಕೃತಿಗಳೆಲ್ಲ ಲಾಬಿ, ಕಾರಿಡಾರ್‌ನಲ್ಲಿದ್ದು, ಕೋಣೆಗಳಲ್ಲಿ ಬರೀ ಪ್ರಿಂಟ್ ತೂಗುಹಾಕಿರುವ ಕಡೆಯೂ ಇದೆ. ಹಾಗಿದ್ದರೆ ದುಬಾರಿ ಕೋಣೆ ಬೇಡ, ಕಡಿಮೆ ಬಾಡಿಗೆಯದೇ ಸಾಕು. ಎರಡನೆಯದೂ ಮುಖ್ಯ. ಒಂದು ಪ್ರದರ್ಶನ ಇಳಿಸಿ ಇನ್ನೊಂದು ಏರಿಸುವ ಎರಡು ಮೂರು ದಿನ ಗೋಡೆಗಳು ಖಾಲಿ, ಬೆಳಿಗ್ಗೆಯಿಂದ ಡ್ರಿಲ್ಲಿಂಗ್ ಸದ್ದು. ಪ್ರದರ್ಶನ ಉದ್ಘಾಟನೆಯ ಸಂಜೆಯೂ ಬೇಡ, ಜನಜಂಗುಳಿಯಲ್ಲಿ ಚಿತ್ರವೂ ಕಾಣದು, ನಿದ್ದೆಯೂ ಬಾರದು.

ಮಂಗಳವಾರ ಅಥವಾ ಬುಧವಾರ ರಾತ್ರಿಯನ್ನೇ ಆರಿಸಿಕೊಳ್ಳಿ. ವಾರದ ನಡುವೆ ಗ್ಯಾಲರಿಯವರಿಗೆ ಬಿಡುವಿರುತ್ತದೆ, ನಿಂತು ಮಾತಾಡುತ್ತಾರೆ. ಬೆಂಗಳೂರಿನಲ್ಲಾದರೆ ಸೋಮವಾರ ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿನಲ್ಲಿರುವ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಗೂ, ಕಸ್ತೂರಬಾ ರಸ್ತೆಯ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೊಗ್ರಫಿಗೂ ರಜೆ. ಚೆಕ್‌ಇನ್‌ಗೆ ಮೊದಲು ಇವೆರಡರಲ್ಲಿ ಒಂದನ್ನು ನೋಡಿ ಹೋದರೆ ಕಣ್ಣು ಹದವಾಗಿರುತ್ತದೆ. ಜನವರಿ ಆರಂಭದಲ್ಲಿ ರಸ್ತೆಯಲ್ಲೇ ಚಿತ್ರ ಮಾರುವ ಚಿತ್ರಸಂತೆಯ ಭಾನುವಾರಕ್ಕೆ ಬರುವವರು ಕುಮಾರಕೃಪಾ ರಸ್ತೆಯ ಆಸುಪಾಸಿನಲ್ಲಿ ತಿಂಗಳ ಮುಂಚೆಯೇ ಕೋಣೆ ಹಿಡಿಯಬೇಕು.

ಕೋಣೆಗೆ ಕಾಲಿಟ್ಟ ಕೂಡಲೇ

ಸೂಟ್‌ಕೇಸನ್ನು ಚಿತ್ರವಿರುವ ಗೋಡೆಗೆ ಒರಗಿಸಬೇಡಿ. ಊದುಬತ್ತಿ, ಸೊಳ್ಳೆ ಕಾಯಿಲ್ ಹಚ್ಚಬೇಡಿ, ಹೊಗೆಯ ಜಿಡ್ಡು ಕಾಗದದ ಕೃತಿಯ ಮೇಲೆ ಕೂತರೆ ತೆಗೆಯುವುದು ಕಷ್ಟ. ಈಗಾಗಲೇ ಗೀರು, ಕಲೆ ಕಂಡರೆ ಫೋಟೊ ತೆಗೆದು ಆಗಲೇ ರಿಸೆಪ್ಷನ್‌ಗೆ ವಾಟ್ಸ್‌ಆ್ಯಪ್ ಮಾಡಿ. ನಿಮ್ಮ ಕೈಯಿಂದಲೇ ಕಾಫಿ ಸಿಡಿದರೆ ಒದ್ದೆ ಬಟ್ಟೆಯಿಂದ ಉಜ್ಜದೆ ಹಾಗೇ ಬಿಟ್ಟು ತಿಳಿಸಿ. ಉಜ್ಜಿದರೆ ಬಣ್ಣವೂ ಎದ್ದು ಬರಬಹುದು. ಪುಟ್ಟ ಮಕ್ಕಳಿದ್ದರೆ ಪೀಠದ ಮೇಲೆ ಶಿಲ್ಪವಿರುವ ಕೋಣೆ ಬದಲಿಸಿಕೊಳ್ಳುವುದೇ ಸರಿ.

ಬೆಳಕು: ಎಡವುವುದು ಇಲ್ಲೇ

ಹೋಟೆಲ್ ಕೋಣೆಯ ದೀಪಗಳು ಬಹುಪಾಲು ಹಳದಿ, ಅಂದರೆ 2700ರಿಂದ 3000 ಕೆಲ್ವಿನ್ ಆಸುಪಾಸಿನವು (ಕೆಲ್ವಿನ್ ಎಂದರೆ ಬೆಳಕಿನ ಬಣ್ಣದ ಅಳತೆ, ಅಂಕಿ ಕಮ್ಮಿಯಾದಷ್ಟೂ ಹಳದಿ). ಈ ಬೆಳಕಿನಲ್ಲಿ ಕೆಂಪು, ಕೇಸರಿ, ಹಳದಿ ಹೊಳೆಯುತ್ತವೆ; ನೀಲಿ ಮಂಕಾಗುತ್ತದೆ, ಕಡುನೀಲಿಯಂತೂ ಕಪ್ಪೇ ಅನ್ನಿಸುತ್ತದೆ. ಮನೆಯ ಹಾಲ್‌ನಲ್ಲಿ 6500 ಕೆಲ್ವಿನ್‌ನ ಬಿಳಿ ಟ್ಯೂಬ್‌ಲೈಟ್ ಇರುವವರಿಗೆ ಅದೇ ಚಿತ್ರ ಬೇರೆಯಾಗಿ ಕಾಣುವುದು ಇದರಿಂದಲೇ. ಹಾಗಾಗಿ ಒಂದೇ ಚಿತ್ರವನ್ನು ಮೂರು ಹೊತ್ತು ನೋಡಬೇಕು.

ಮೊದಲನೆಯದು ಮಧ್ಯಾಹ್ನ 3ರಿಂದ 5. ಪರದೆ ಪೂರ್ತಿ ಸರಿಸಿ, ಕೋಣೆಯ ಎಲ್ಲ ದೀಪ ಆರಿಸಿ. ಮೂರಡಿ ಅಗಲದ ಚಿತ್ರವಾದರೆ ಮೊದಲು ಹತ್ತಡಿ ದೂರದಿಂದ, ಆಮೇಲೆ ಐದಡಿಯಿಂದ, ಕೊನೆಗೆ ಒಂದಡಿಯಿಂದ ನೋಡಿ. ಹಾಸಿಗೆಯ ಮೇಲ್ಭಾಗದಲ್ಲಿರುವುದನ್ನು ಮಲಗಿ ನೋಡಿ ತೀರ್ಮಾನಿಸಬೇಡಿ. ಗ್ಯಾಲರಿಗಳಲ್ಲಿ ಚಿತ್ರದ ನಡುಭಾಗ ನೆಲದಿಂದ ಸುಮಾರು 57ರಿಂದ 60 ಇಂಚು ಎತ್ತರದಲ್ಲಿ, ನಿಂತವರ ಕಣ್ಣಿನ ಮಟ್ಟಕ್ಕೆ ಬರುವಂತೆ ತೂಗುಹಾಕುವುದು ರೂಢಿ. ಹೋಟೆಲ್‌ನಲ್ಲಿ ತಲೆದಿಂಬಿನ ಹಲಗೆಯ ಕಾರಣಕ್ಕೆ ಮೇಲೆ ಏರಿಸಿರುತ್ತಾರೆ.

ಎರಡನೆಯದು ರಾತ್ರಿ, ಓರೆ ಬೆಳಕಿನಲ್ಲಿ. ಇದನ್ನು ಮಾಡುವವರು ತೀರಾ ಕಮ್ಮಿ. ದೀಪ ಆರಿಸಿ, ಫೋನಿನ ಟಾರ್ಚ್ ಹಚ್ಚಿ, ಚೌಕಟ್ಟಿನಿಂದ ಒಂದಡಿ ಆಚೆ, ಬೆಳಕು ಕ್ಯಾನ್ವಾಸನ್ನು ಸವರಿಕೊಂಡು ಹೋಗುವಂತೆ ಗೋಡೆಯ ಸಮಕ್ಕೆ ಹಿಡಿಯಿರಿ. ಕೈಯಲ್ಲಿ ಬರೆದದ್ದಾದರೆ ದಪ್ಪ ಬಣ್ಣದ ಪ್ರತಿ ಏರಿಗೂ ಸಣ್ಣ ನೆರಳು ಏಳುತ್ತದೆ. ಕುಂಚ ಎಲ್ಲಿ ಶುರುವಾಯಿತು, ಎಲ್ಲಿ ತಿರುಗಿತು, ಬಣ್ಣ ಮುಗಿದು ಕೂದಲೆಳೆಯಂಥ ಗೀರು ಎಲ್ಲಿ ಬಿತ್ತು ಎಲ್ಲವೂ ಕಾಣುತ್ತದೆ. ಒಂದು ಬಣ್ಣ ಇನ್ನೊಂದರ ಮೇಲೆ ಹತ್ತಿ ಕೂತ ಅಂಚು ಬೆರಳುಗುರಿನಂತೆ ಎದ್ದಿರುತ್ತದೆ. ಪ್ರಿಂಟ್ ಆದರೆ ಇಡೀ ಮೈ ಒಂದೇ ಸಮ, ಬಟ್ಟೆಯ ನೇಯ್ಗೆ ಮಾತ್ರ ಕಂಡೀತು. ಪ್ರಿಂಟ್‌ನ ಮೇಲೆ ಪಾರದರ್ಶಕ ಜೆಲ್ ಬಳಿದು ಕುಂಚದ ಗುರುತು ಮೂಡಿಸಿ ಮಾರುವುದೂ ಉಂಟು. ಅಲ್ಲಿ ಜೆಲ್‌ನ ಗೀರು ಒಂದು ದಿಕ್ಕಿಗೆ, ಚಿತ್ರದ ಗೆರೆ ಇನ್ನೊಂದು ದಿಕ್ಕಿಗೆ ಹೋಗುತ್ತವೆ. ಅಂಥದ್ದಕ್ಕೆ ಮೂಲ ಕೃತಿಯ ಬೆಲೆ ಕೊಡಬೇಡಿ. ಬಿರುಕು, ಸಡಿಲ ಕ್ಯಾನ್ವಾಸ್, ತೇಪೆ ಕೂಡ ಈ ಬೆಳಕಿಗೇ ಸಿಕ್ಕಿಬೀಳುತ್ತವೆ.

ಮೂರನೆಯದು ಬೆಳಿಗ್ಗೆ 7ರಿಂದ 9. ಬಣ್ಣದ ಬಗ್ಗೆ ಕೊನೆಯ ಮಾತು ಈ ಬೆಳಕಿನದು. ಉತ್ತರದ ಕಿಟಕಿಯಾದರೆ ಬೆಳಕು ಹೆಚ್ಚು ಬದಲಾಗದೆ ನಿಲ್ಲುತ್ತದೆ. ಕೇಳಬೇಕಾದ ಕೋಣೆ ಅದೇ. ಪೂರ್ವದ್ದಾದರೆ ನೇರ ಬಿಸಿಲು ಬೀಳದಂತೆ ತೆಳುಪರದೆ ಎಳೆದು ನೋಡಿ.

ಹಿಂಬದಿ ನೋಡದೆ ಕೊಳ್ಳಬೇಡಿ

ಆದರೆ ನೀವೇ ಇಳಿಸಲು ಹೋಗಬೇಡಿ. ಕಳವಾಗದಂತೆ ಚೌಕಟ್ಟನ್ನು ಲಾಕ್ ಇರುವ ಹುಕ್‌ನಿಂದ ಗೋಡೆಗೆ ಬಿಗಿದಿರುತ್ತಾರೆ, ಎಳೆದರೆ ಗಾರೆ ಸಮೇತ ಬರುತ್ತದೆ. ಸಿಬ್ಬಂದಿ ಕೀಲಿ ತಂದು ಇಳಿಸಿಕೊಡುತ್ತಾರೆ. ಹಿಂದೆ ಕಲಾವಿದರ ಸಹಿ, ವರ್ಷ, ಶೀರ್ಷಿಕೆ ಇರಬೇಕು. ಕಾಗದದ ಕೃತಿಯಾದರೆ ಮೂಲೆಗಳಲ್ಲಿ ಕಂದು ಚುಕ್ಕೆ ಇದೆಯೇ ನೋಡಿ. ಅದು ಸಾಮಾನ್ಯವಾಗಿ ತೇವದಿಂದ ಬಂದ ಬೂಷ್ಟಿನ ಗುರುತು, ಮುಂದೆ ಹರಡಬಹುದು. ಕಲಾವಿದರು ಲೋಹದ ತಗಡು ಅಥವಾ ಕಲ್ಲಿನ ಮೇಲೆ ಚಿತ್ರ ಮಾಡಿ ಅಚ್ಚೊತ್ತುವ ಎಚಿಂಗ್, ಲಿಥೊಗಳಲ್ಲಿ ಕೆಳಗೆ ಪೆನ್ಸಿಲ್‌ನಲ್ಲಿ 3/25 ಎಂಬಂಥ ಅಂಕಿ ಇರುತ್ತದೆ: 25 ಪ್ರತಿಗಳಲ್ಲಿ ಇದು ಮೂರನೆಯದು ಎಂದರ್ಥ. ಪೆನ್ಸಿಲ್ ಸಹಿಯೂ ಅಂಕಿಯೂ ಇಲ್ಲದ ‘ಲಿಮಿಟೆಡ್ ಎಡಿಷನ್’ ಪೋಸ್ಟರ್‌ಗೆ ಚೌಕಟ್ಟಿನ ಬೆಲೆಗಿಂತ ಹೆಚ್ಚು ಕೊಡಬೇಕಿಲ್ಲ.

ಲೇಬಲ್‌ನಲ್ಲಿ ‘ಮಿಕ್ಸ್‌ಡ್ ಮೀಡಿಯಾ’ (ಹಲವು ಸಾಮಗ್ರಿ ಬೆರೆಸಿದ್ದು) ಎಂದಿದ್ದರೆ ಏನೇನು ಬಳಸಿದ್ದಾರೆಂದು ಬಿಡಿಸಿ ಕೇಳಿ. ಅರಿಶಿನದ ಬಣ್ಣ ಬೆಳಕಿಗೆ ಬಲುಬೇಗ ಮಾಸುತ್ತದೆ. ಬಾಲ್‌ಪೆನ್, ಮಾರ್ಕರ್ ಶಾಯಿಯೂ ಹಾಗೆಯೇ.

ಬಿಲ್ ಎರಡು ಇರಲಿ

ಲೇಬಲ್ ಪಕ್ಕದ ಕೆಂಪು ಚುಕ್ಕೆ ಎಂದರೆ ಮಾರಾಟವಾಗಿದೆ ಎಂದು. ಮಾರಾಟಕ್ಕಿದ್ದರೆ ಬೆಲೆಯಲ್ಲಿ ಫ್ರೇಮ್, ಜಿಎಸ್‌ಟಿ, ಸಾಗಣೆ ಸೇರಿದೆಯೇ ಕೇಳಿ. ‘ಸ್ವಲ್ಪ ನೋಡಿ ಹಾಕಿ’ ಎನ್ನುವುದರಲ್ಲಿ ತಪ್ಪಿಲ್ಲ, ಗ್ಯಾಲರಿಯವರು ಅದಕ್ಕೆ ಜಾಗ ಇಟ್ಟಿರುತ್ತಾರೆ. ಗ್ಯಾಲರಿಯ ಬೆನ್ನ ಹಿಂದೆ ಇನ್‌ಸ್ಟಾಗ್ರಾಂನಲ್ಲಿ ಕಲಾವಿದರಿಗೇ ಸಂದೇಶ ಕಳಿಸಿ ಕಮ್ಮಿಗೆ ಕೇಳುವ ಅಡ್ಡದಾರಿ ಮಾತ್ರ ಬೇಡ. ಒಪ್ಪಿದರೆ ಗ್ಯಾಲರಿಯೊಡನೆ ಕಲಾವಿದರ ಸಂಬಂಧ ಕೆಡುತ್ತದೆ, ಒಪ್ಪದಿದ್ದರೆ ಅವರಿಗೆ ಮುಜುಗರ.

ಚಿತ್ರದ ಹಣವನ್ನು ಕೋಣೆಯ ಬಿಲ್‌ಗೆ ಸೇರಿಸಲು ಬಿಡಬೇಡಿ. 2025ರ ಸೆಪ್ಟೆಂಬರ್ 22ರಿಂದ ಕೋಣೆಗೆ ದಿನಕ್ಕೆ 7,500 ರೂಪಾಯಿವರೆಗೆ ಶೇ 5, ಅದಕ್ಕೂ ಮೇಲಾದರೆ ಶೇ 18 ಜಿಎಸ್‌ಟಿ. ಕಲಾಕೃತಿಗೆ ಶೇ 5. ತೆರಿಗೆಗಿಂತ ದೊಡ್ಡ ಕಾರಣ ಇನ್ನೊಂದಿದೆ. ‘ಇತರೆ ಶುಲ್ಕ’ ಎಂದು ಬರೆದ ಹೋಟೆಲ್ ಬಿಲ್ ಮುಂದೆ ಚಿತ್ರ ಮಾರುವಾಗ ಯಾವುದಕ್ಕೂ ಪುರಾವೆಯಾಗದು. ಗ್ಯಾಲರಿಯ ಬಿಲ್‌ನಲ್ಲಿ ಕಲಾವಿದರ ಹೆಸರು, ಶೀರ್ಷಿಕೆ, ವರ್ಷ, ಮಾಧ್ಯಮ, ಅಳತೆ ಇರಲಿ. ಜೊತೆಗೆ ಕಲಾವಿದರೇ ಸಹಿ ಮಾಡಿದ, ಚಿತ್ರದ ಫೋಟೊ ಅಂಟಿಸಿದ ದೃಢೀಕರಣ ಪತ್ರ. ಇದನ್ನು ‘ಆಮೇಲೆ ಕಳಿಸುತ್ತೇವೆ’ ಎಂದರೆ ಪೂರ್ತಿ ಹಣ ಕೊಡಬೇಡಿ. ಕೊಂಡರೂ ಹಕ್ಕುಸ್ವಾಮ್ಯ ಕಲಾವಿದರದ್ದೇ. ಅವರನ್ನು ಕೇಳದೆ ಅಂಗಡಿಯ ಕ್ಯಾಲೆಂಡರ್‌ಗೆ ಅಚ್ಚು ಹಾಕಿಸುವಂತಿಲ್ಲ.

ಊರಿಗೆ ಒಯ್ಯುವುದು

ಪ್ರದರ್ಶನ ನಡೆಯುತ್ತಿದ್ದರೆ ಚಿತ್ರ ಅಂದೇ ಕೈಗೆ ಸಿಗದು, ಕೊಡುವ ದಿನಾಂಕ ಬರೆಸಿಕೊಳ್ಳಿ. ಬಬಲ್ ರ‍್ಯಾಪ್ ಅನ್ನು ನೇರ ಬಣ್ಣದ ಮೇಲೆ ಸುತ್ತಬಾರದು, ಬಿಸಿಲಿಗೆ ಅಕ್ರಿಲಿಕ್ ಬಣ್ಣ ಮೆತ್ತಗಾಗಿ ಗುಳ್ಳೆಗಳ ಅಚ್ಚು ಬೀಳುತ್ತದೆ. ಮೊದಲು ಗ್ಲಾಸೀನ್ ಎಂಬ ತೆಳ್ಳನೆಯ ನುಣುಪು ಕಾಗದ, ಆಮೇಲೆ ಗುಳ್ಳೆ ಹೊರಮುಖವಾಗಿ ಬಬಲ್ ರ‍್ಯಾಪ್, ಮೂಲೆಗಳಿಗೆ ರಟ್ಟು. ಗಾಜಿದ್ದರೆ ಮಾಸ್ಕಿಂಗ್ ಟೇಪ್ ಅಡ್ಡಡ್ಡ ಅಂಟಿಸಿ, ಒಡೆದರೂ ಚೂರು ಚಿತ್ರವನ್ನು ಸೀಳುವುದಿಲ್ಲ. ಕ್ಯಾನ್ವಾಸ್ ಸುತ್ತಲೇಬೇಕಾದರೆ ಬಣ್ಣದ ಮುಖ ಹೊರಗಿರಲಿ, ಕೊಳವೆ ಆರಿಂಚಿಗಿಂತ ದಪ್ಪವಿರಲಿ. ದಪ್ಪ ತೈಲವರ್ಣವನ್ನು ಸುತ್ತಲೇಬೇಡಿ. ಹ್ಯಾಚ್‌ಬ್ಯಾಕ್ ಕಾರಿನಲ್ಲಿ ಒಯ್ಯುವವರು ಹಿಂಬಾಗಿಲ ಅಗಲವನ್ನು ಟೇಪು ಹಿಡಿದು ಅಳೆದುಕೊಂಡೇ ಬನ್ನಿ. 3×4 ಅಡಿಯದು ಒಳಗೆ ಹೋಗದೆ ಹೋಟೆಲ್ ಬಾಗಿಲಲ್ಲಿ ಪರದಾಡುವುದು ತಪ್ಪುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ಚಿತ್ರ ಬಿಟ್ಟು ಊಟಕ್ಕೆ ಇಳಿಯಬೇಡಿ.

ಮನೆಯಲ್ಲಿ ಬಚ್ಚಲ ಗೋಡೆಗೂ ಮಳೆಗೆ ತೇವವಾಗುವ ಪಡುವಣ ಗೋಡೆಗೂ ಹಾಕಬೇಡಿ. ಅಂಟಿಸುವ ಹುಕ್ ಡಿಸ್ಟೆಂಪರ್ ಗೋಡೆಯಲ್ಲಿ ಪುಡಿ ಸಮೇತ ಕಳಚುತ್ತದೆ, ಎರಡು ಸ್ಕ್ರೂ ಹೊಡೆಸಿ. ಚೌಕಟ್ಟಿನ ಹಿಂದೆ ಕೆಳಗಿನ ಎರಡು ಮೂಲೆಗೆ ಅರ್ಧ ಇಂಚಿನ ಬಿರಡೆ ಚೂರು ಅಂಟಿಸಿದರೆ ಗೋಡೆಗೂ ಚಿತ್ರಕ್ಕೂ ನಡುವೆ ಗಾಳಿಯಾಡುತ್ತದೆ.